ಸ್ಟಾರಿಗೆ ಹತ್ತು ರೂಪಾಯಿ ಕೊಟ್ಟರೂ ಮಗ ಓದುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಮಂಡ್ಯ. ಮಗ ಈ ಸಲ ಎಸ್ಸೆಸ್ಸೆಲ್ಸಿ. ಮೊಬೈಲಿನಲ್ಲಿ ಆಟ ಅಂದರೆ ಎರಡು ಗಂಟೆ ಕಣ್ಣು ಮಿಟುಕಿಸದೆ ಕೂರುತ್ತಾನೆ, ಪುಸ್ತಕ ಹಿಡಿದರೆ ಹತ್ತೇ ನಿಮಿಷಕ್ಕೆ ಆಕಳಿಕೆ. ಓದನ್ನೂ ಆಟದ ಹಾಗೆ ಮಾಡಿ ಅಂತ ಯಾರೋ ಹೇಳಿದರು. ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿಸಿ, ಒಂದು ಪಾಠ ಓದಿದರೆ ಒಂದು ಸ್ಟಾರ್, ಸ್ಟಾರಿಗೆ ಹತ್ತು ರೂಪಾಯಿ ಅಂದೆ. ಎರಡು ವಾರ ಭರ್ಜರಿಯಾಗಿ ನಡೆಯಿತು. ಆಮೇಲೆ 'ಹತ್ತು ಸಾಲಲ್ಲ, ಇಪ್ಪತ್ತು ಕೊಡು' ಶುರುವಾಯಿತು. ಈಗ ನೋಡಿದರೆ ಓದದ ಪಾಠಕ್ಕೂ ಸ್ಟಾರ್ ಅಂಟಿಸಿಕೊಂಡಿದ್ದಾನೆ. 23 ಸ್ಟಾರ್ ಆಗಿದೆ, 90 ರೂಪಾಯಿ ಕೊಟ್ಟಿದ್ದೇನೆ, ಬಾಕಿ 140 ಕೊಡು ಅಂತ ದಿನಾ ಪೀಡಿಸುತ್ತಾನೆ. ಕೊಡಬೇಕಾ? ಮೈಸೂರಿನಲ್ಲಿರುವ ನಮ್ಮ ನಾದಿನಿ ಮಗಳು ತೊಂಬತ್ತೈದು ಪರ್ಸೆಂಟ್ ತೆಗೆಯುತ್ತಾಳೆ, ಅವಳ ಮಾರ್ಕ್ಸನ್ನೂ ಚಾರ್ಟಿನ ಪಕ್ಕ ಬರೆದು ಹಾಕಿದ್ದೆ, ಅದರಿಂದಲೂ ಏನೂ ಆಗಲಿಲ್ಲ. ಇನ್ನೊಂದು ನನ್ನದೇ ಕಥೆ. ಬೀರು ಜೋಡಿಸುವುದು, ಬಿಲ್ ಕಟ್ಟುವುದು, ಅರ್ಧ ಗಂಟೆ ನಡೆಯುವುದು ಅಂತ ದಿನಕ್ಕೊಂದು ಕೆಲಸ ಇಟ್ಟುಕೊಂಡು ಆ್ಯಪಿನಲ್ಲಿ ಗುರುತು ಹಾಕುತ್ತಿದ್ದೆ. 41 ದಿನ ತಪ್ಪದೆ ನಡೆಯಿತು. ಮಾವನವರ ತಿಥಿಗೆ ಊರಿಗೆ ಹೋದ ದಿನ ಮರೆತೆ, ಎಣಿಕೆ ಸೊನ್ನೆಗೆ ಬಂತು. ಅವತ್ತಿನಿಂದ ಆ ಆ್ಯಪ್ ತೆರೆದೇ ಇಲ್ಲ. ಈ ಆಟದ ಉಪಾಯ ನಮ್ಮ ಮನೆಗೆ ಆಗಿಬರುವುದಿಲ್ಲವಾ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನಿಮ್ಮ ಮಗ ಕಳ್ಳನೂ ಅಲ್ಲ, ಸೋಮಾರಿಯೂ ಅಲ್ಲ. ಫ್ರಿಜ್ಜಿಗೆ ಅಂಟಿಸಿದ್ದು ಆಟದ ಚಾರ್ಟ್ ಅಂತ ನೀವು ಅಂದುಕೊಂಡಿರಿ, ಅವನು ಅದನ್ನು ಕೂಲಿ ಲೆಕ್ಕ ಅಂತ ತಿಳಿದುಕೊಂಡ. ಅವನು ತಿಳಿದುಕೊಂಡದ್ದೇ ಸರಿ. ಪಾಠಕ್ಕಿಷ್ಟು ಅಂತ ರೇಟ್ ಕಟ್ಟಿದ ಮೇಲೆ ರೇಟ್ ಜಾಸ್ತಿ ಮಾಡಿ ಅಂತ ಕೇಳುವುದು ಇದ್ದದ್ದೇ. ಮಂಡ್ಯದವರಿಗೆ ಇದನ್ನು ನಾನು ಹೇಳಬೇಕಾ, ಕಬ್ಬಿಗೆ ಬೆಲೆ ಸಾಲದು ಅಂತ ರಸ್ತೆಗೆ ಇಳಿಯದ ವರ್ಷ ಯಾವುದಾದರೂ ಇದೆಯಾ ನಿಮ್ಮಲ್ಲಿ?

ಹಾಗಾದರೆ ಆಟ ಅಂದರೇನು? ನೀವು ಚೌಕಾಬಾರ ಆಡಿಯೇ ಇರುತ್ತೀರಿ. ಉದ್ದಕ್ಕೆ ಐದು ಮನೆ, ಅಡ್ಡಕ್ಕೆ ಐದು ಮನೆ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಂದು ಕಡೆ ಉಜ್ಜಿದ ಹುಣಸೆ ಬೀಜ. ಅದರಲ್ಲಿ ಯಾರೂ ಯಾರಿಗೂ ಹತ್ತು ರೂಪಾಯಿ ಕೊಡುತ್ತಿರಲಿಲ್ಲ, ಆದರೂ ಬೇಸಿಗೆ ರಜೆಯಲ್ಲಿ ಅಜ್ಜಿ ಊಟಕ್ಕೆ ಮೂರು ಸಲ ಕೂಗಿದರೂ ನಾವು ಏಳುತ್ತಿರಲಿಲ್ಲ. ಯಾಕೆ ಅಂತ ಯೋಚಿಸಿ. ಕವಡೆ ಬಿದ್ದ ಕ್ಷಣವೇ ಎಷ್ಟು ಬಿತ್ತು ಅಂತ ಗೊತ್ತಾಗುತ್ತದೆ. ನನ್ನ ಕಾಯಿ ಎಲ್ಲಿದೆ, ನಡುಮನೆ ಸೇರಿ ಹಣ್ಣಾಗಲು ಇನ್ನೆಷ್ಟು ಮನೆ ನಡೆಯಬೇಕು ಅನ್ನುವುದು ಕಣ್ಣೆದುರೇ ಇದೆ. ಯಾವ ಕಾಯಿ ನಡೆಸಬೇಕು ಅನ್ನುವುದು ನನ್ನಿಷ್ಟ. ಯಾರಾದರೂ ಹೊಡೆದರೆ ಕಾಯಿ ಮೊದಲಿನ ಮನೆಗೆ ವಾಪಸ್, ಅಷ್ಟೇ, ಅದಕ್ಕೆ ಯಾರೂ ಬೈಯುವುದಿಲ್ಲ, ನನ್ನ ಸರದಿ ಬಂದಾಗ ಮತ್ತೆ ಕವಡೆ ಹಾಕಬಹುದು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಮಣೆಯಾಟಗಳ ಹುಚ್ಚು ಎಷ್ಟಿತ್ತೆಂದರೆ, ಇದ್ದ ಆಟಗಳು ಸಾಲದೆ ಹೊಸ ಆಟಗಳನ್ನು ತಾವೇ ಕಟ್ಟಿದರು. ಮಹಾರಾಜರಿಗೆ ಅದರಿಂದ ಯಾವ ಬಹುಮಾನ ಬರಬೇಕಿತ್ತು ಹೇಳಿ.

ಈಗ ಇದನ್ನು ನಿಮ್ಮ ಮಗನ ಓದಿನ ಪಕ್ಕದಲ್ಲಿ ಇಟ್ಟು ನೋಡಿ. ಸೋಮವಾರ ಓದಿದ್ದು ತಲೆಗೆ ಹೋಯಿತಾ ಇಲ್ಲವಾ ಅಂತ ಅವನಿಗೆ ಗೊತ್ತಾಗುವುದು ಯಾವಾಗ? ಟೆಸ್ಟ್ ಆಗಿ, ಪೇಪರ್ ತಿದ್ದಿ, ಕೈಗೆ ಕೊಟ್ಟಾಗ. ಅಷ್ಟರಲ್ಲಿ ತಿಂಗಳಾಗಿರುತ್ತದೆ. ಒಟ್ಟು 625 ಅಂಕದಲ್ಲಿ ತಾನು ಎಲ್ಲಿ ನಿಂತಿದ್ದೇನೆ ಅಂತ ಅವನಿಗೆ ಇವತ್ತು ರಾತ್ರಿ ಗೊತ್ತಾಗುವ ದಾರಿಯೇ ಇಲ್ಲ. ತಪ್ಪಿದರೆ ಮಾತ್ರ ಮನೆಯವರೆಲ್ಲರ ಕೈಲೂ ಮಾತು. ಆಟದಲ್ಲಿ ಇರುವುದೆಲ್ಲ ಇಲ್ಲಿ ತಲೆಕೆಳಗು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷ ಪರೀಕ್ಷೆ 1, 2, 3 ಅಂತ ಮೂರು ಅವಕಾಶ ಮಾಡಿ, ಯಾವುದರಲ್ಲಿ ಜಾಸ್ತಿ ಬಂತೋ ಆ ಅಂಕ ಉಳಿಸಿಕೊಳ್ಳಿ ಅಂದಾಗ ಕೆಲವರು ಇದೆಂಥ ಮಕ್ಕಳಾಟ ಅಂತ ನಕ್ಕರು. ನನಗೆ ಖುಷಿಯಾಗಿತ್ತು. ಸೋತರೂ ಮತ್ತೆ ಕವಡೆ ಹಾಕಬಹುದು ಅನ್ನುವುದು ಅಷ್ಟು ಸಣ್ಣ ವಿಷಯವಲ್ಲ.

ಎಲ್ಲಿ ನಿಂತಿದ್ದೇವೆ ಅಂತ ಗೊತ್ತಾಗುವುದಕ್ಕೆ ಎಷ್ಟು ಎಳೆತ ಇದೆ ಅನ್ನುವುದಕ್ಕೆ ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಮಳೆಗಾಲ ಶುರುವಾಯಿತೆಂದರೆ ಮಂಡ್ಯದಲ್ಲಿ ಪೇಪರ್ ಹಿಡಿದವರು ಮೊದಲು ನೋಡುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ನಾಲ್ಕೇ ನಾಲ್ಕು ಸಾಲು. ಅದನ್ನು ನೋಡಿದವರಿಗೆ ಯಾರೂ ಸ್ಟಾರ್ ಅಂಟಿಸುವುದಿಲ್ಲ. ಆದರೂ ಟೀ ಅಂಗಡಿಯಲ್ಲಿ ಬೆಳಗ್ಗೆ ಬೆಳಗ್ಗೆಯೇ 'ಎಷ್ಟಾಯ್ತು, ನೂರು ದಾಟ್ತಾ?' ಅನ್ನುವ ಮಾತು. ಎರಡು ಅಡಿ ಏರಿದರೆ ಮುಖದಲ್ಲಿ ಕಳೆ. ನಿಮ್ಮ ಮಗನ ಓದಿಗೆ ಬೇಕಾಗಿರುವುದು ಇಂಥ ನಾಲ್ಕು ಸಾಲು. ಅಲ್ಲಿ ದುಡ್ಡು ತಂದಿಟ್ಟ ಕೂಡಲೇ ಅವನ ಕಣ್ಣು ನೀರಿನ ಮಟ್ಟದಿಂದ ದುಡ್ಡಿನ ಕಡೆ ತಿರುಗಿತು.

ಬಹುಮಾನದ ವಿಷಯಕ್ಕೆ ನಮ್ಮ ಮನಶ್ಶಾಸ್ತ್ರದವರು ಐವತ್ತು ವರ್ಷದಿಂದ ಜಗಳ ಆಡುತ್ತಲೇ ಇದ್ದಾರೆ. ಜಗಳ ದೊಡ್ಡದಾಗಿದ್ದು ಒಂದು ಸಣ್ಣ ಪ್ರಯೋಗದಿಂದ. 1973ರಲ್ಲಿ ಪ್ರಕಟವಾದದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಇನ್ನಿಬ್ಬರು ಮಾಡಿದ್ದು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಮೊದಲು ಏನೂ ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು, ಯಾರು ಎಷ್ಟು ಹೊತ್ತು ಅದರ ಹತ್ತಿರ ಹೋಗುತ್ತಾರೆ ಅಂತ ನೋಡಿದರು. ಮೊದಲೇ ಆಸೆ ತೋರಿಸಿಕೊಂಡ ಮಕ್ಕಳು ತಮ್ಮ ಆಟದ ಹೊತ್ತಿನಲ್ಲಿ ಚಿತ್ರಕ್ಕೆ ಕೊಟ್ಟದ್ದು ಶೇಕಡಾ 9ಕ್ಕೂ ಕಡಿಮೆ. ಮಿಕ್ಕ ಎರಡು ಗುಂಪಿನವರು 17, 18ರ ಹತ್ತಿರ. ಅಂದರೆ ಇಷ್ಟಪಟ್ಟು ಮಾಡುತ್ತಿದ್ದ ಕೆಲಸಕ್ಕೆ ಸರ್ಟಿಫಿಕೇಟ್ ಆಸೆ ತೋರಿಸಿದ್ದೇ ಇಷ್ಟ ಅರ್ಧ ಇಳಿಯಿತು. ಗಮನಿಸಿ, ಹೇಳದೆ ಕೊಟ್ಟ ಬಹುಮಾನ ಏನೂ ಕೆಡಿಸಲಿಲ್ಲ.

ಅದಕ್ಕೇ ಬಹುಮಾನವೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಜೊತೆಗಾರರು ಇಂಥ 128 ಪ್ರಯೋಗಗಳನ್ನು ಒಟ್ಟಿಗೆ ಜಾಲಾಡಿ ನೋಡಿದರು. ಮೊದಲೇ ಹೇಳಿ ಕೊಡುವ ಬಹುಮಾನ ಕೆಡಿಸುವುದು ಆಸಕ್ತಿ ಇರುವ ಕೆಲಸವನ್ನು. ಬೋರ್ ಹೊಡೆಸುವ ಕೆಲಸದಲ್ಲಿ ಕೆಡಲು ಆಸಕ್ತಿಯೇ ಇಲ್ಲವಲ್ಲ. ಇದು ತುಂಬ ಉಪಯೋಗಕ್ಕೆ ಬರುವ ವ್ಯತ್ಯಾಸ. ಮಗ ಟೆರೇಸ್ ಮೇಲಿನ ಬಟ್ಟೆ ತಂದು ಮಡಚಿದರೆ, ಸ್ಕೂಟರ್ ತೊಳೆದರೆ, ಧಾರಾಳವಾಗಿ ಹತ್ತು ರೂಪಾಯಿ ಕೊಡಿ. ಅವನಿಗೆ ವಿಜ್ಞಾನವೋ ಸಮಾಜವೋ ಸ್ವಲ್ಪವಾದರೂ ಹಿಡಿಸುತ್ತಿದ್ದರೆ ಅಲ್ಲಿ ಮಾತ್ರ ನೋಟು ತೋರಿಸಬೇಡಿ. ಗಣಿತ ಅಂದರೆ ಮೈಯೆಲ್ಲ ಉರಿ ಅನ್ನುವ ಹಾಗಿದ್ದರೆ, ಪುಸ್ತಕದ ಮುಂದೆ ಕೂರಿಸುವ ಮಟ್ಟಿಗೆ, ಒಂದೆರಡು ವಾರದ ಮಟ್ಟಿಗೆ, ಸಣ್ಣ ಆಸೆ ತೋರಿಸುವುದಕ್ಕೆ ನನ್ನ ಅಭ್ಯಂತರ ಇಲ್ಲ. ಆಮೇಲೆ ನಿಲ್ಲಿಸುವ ದಿನ ಯಾವುದು ಅಂತ ಮೊದಲ ದಿನವೇ ಹೇಳಿರಬೇಕು.

ಇನ್ನು ಸುಳ್ಳು ಸ್ಟಾರ್. ಇದರಲ್ಲಿ ಅವನದಕ್ಕಿಂತ ನಿಯಮದ್ದೇ ತಪ್ಪು ಜಾಸ್ತಿ. 'ಪಾಠ ಓದಿದರೆ' ಅಂದಿರಿ. ಓದಿದ್ದು ಅಂದರೇನು? ಪುಟ ತಿರುಗಿಸಿದ್ದಾ, ಕಣ್ಣಾಡಿಸಿದ್ದಾ, ಗೆರೆ ಎಳೆದದ್ದಾ? ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ, ಮೂರು ಬಣ್ಣದ ಹೈಲೈಟರ್ ಹಿಡಿದು. ಪುಸ್ತಕ ಬಿಡಿಸಿದರೆ ಹೋಳಿ ಹಬ್ಬ. ಪುಸ್ತಕ ಮುಚ್ಚಿ, ಪಾಠದಲ್ಲಿ ಏನಿತ್ತು ಹೇಳಪ್ಪ ಅಂದರೆ 'ಹಳದಿ ಜಾಸ್ತಿ ಇತ್ತು ಮೇಡಂ' ಅಂದ. ಪಾಪ, ತಮಾಷೆಗೆ ಹೇಳಿದ್ದಲ್ಲ.

ಯಾವುದಕ್ಕೆ ಗುರುತು ಹಾಕುತ್ತೀರೋ ಅದೇ ಬೆಳೆಯುತ್ತದೆ. ಓದಿದ ಗಂಟೆಗೆ ಗುರುತು ಹಾಕಿದರೆ ಗಂಟೆ ಬೆಳೆಯುತ್ತದೆ. ಹಾಗಾಗಿ ಗುರುತು ಹಾಕಬೇಕಾದದ್ದು ಪುಸ್ತಕ ಮುಚ್ಚಿ ಹೇಳಿದ್ದಕ್ಕೆ. ಇದು ನನ್ನ ಸ್ವಂತ ಅಭಿಪ್ರಾಯವಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನುವ ಇಬ್ಬರು ಕಾಲೇಜು ಹುಡುಗರ ಮೇಲೆ ನೋಡಿದ್ದು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದರೆ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಓದಿದವರಿಗೆ ನೆನಪಿದ್ದದ್ದು ಶೇಕಡಾ 42, ಮುಚ್ಚಿ ಬರೆದವರಿಗೆ 56. ಪರೀಕ್ಷೆ ಯಾವತ್ತೂ ಐದು ನಿಮಿಷ ಬಿಟ್ಟು ಬರುವುದಿಲ್ಲ, ಅಲ್ವಾ?

ಈಗ ಆಟ ಕಟ್ಟೋಣ. ಮನೆಯಲ್ಲಿ ಹಳೇ ಲಗ್ನಪತ್ರಿಕೆಗಳು ರಾಶಿ ಬಿದ್ದಿರುತ್ತವೆ, ಹಿಂದೆ ಖಾಲಿ ಇರುವ ದಪ್ಪ ಕಾಗದ, ಬಿಸಾಡಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಅವನ್ನು ಇಸ್ಪೀಟೆಲೆ ಅಳತೆಗೆ ಕತ್ತರಿಸಿ. ಖಾಲಿ ಕಡೆ ಪ್ರಶ್ನೆ. ಉತ್ತರ ಚಿಕ್ಕ ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಬಹುದು. ಬರೆಯಬೇಕಾದವನು ಅವನೇ, ನೀವಲ್ಲ. ಬರೆಯುವುದರಲ್ಲೇ ಅರ್ಧ ಓದು ಆಗಿರುತ್ತದೆ. ಮೂರು ಖಾಲಿ ಸ್ವೀಟ್ ಬಾಕ್ಸ್ ಇಡಿ. ಹೊಸ ಕಾರ್ಡೆಲ್ಲ ಮೊದಲ ಬಾಕ್ಸಿಗೆ. ಅದನ್ನು ದಿನಾ ಆಡುವುದು. ಪುಸ್ತಕ ನೋಡದೆ ಸರಿ ಹೇಳಿದರೆ ಆ ಕಾರ್ಡ್ ಎರಡನೇ ಬಾಕ್ಸಿಗೆ, ಅದರ ಸರದಿ ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ಅದು ಭಾನುವಾರ ಮಾತ್ರ. ಎರಡು ಭಾನುವಾರ ಸರಿ ಹೇಳಿದರೆ ಕಾರ್ಡ್ ಹಣ್ಣಾಯಿತು, ಹೊರಗೆ ತೆಗೆದು ದೊಡ್ಡ ಡಬ್ಬಕ್ಕೆ ಹಾಕಿ. ಯಾವ ಬಾಕ್ಸಿನಲ್ಲಿ ತಪ್ಪಿದರೂ ಸೀದಾ ಮೊದಲ ಬಾಕ್ಸಿಗೆ ವಾಪಸ್, ಚೌಕಾಬಾರದಲ್ಲಿ ಹೊಡೆಸಿಕೊಂಡ ಕಾಯಿಯ ಹಾಗೆ. ಈ ಬಾಕ್ಸ್ ಪದ್ಧತಿಯನ್ನು 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಅನ್ನುವ ಪತ್ರಕರ್ತ ಜರ್ಮನ್ ಓದುಗರಿಗೆ ಹೇಳಿಕೊಟ್ಟದ್ದು. ಹಣ್ಣು ಅನ್ನುವ ಹೆಸರು ಮಾತ್ರ ನಾವು ಇಟ್ಟದ್ದು.

ಕುವೆಂಪುನಗರದ ಒಂದು ಮನೆಯಲ್ಲಿ ಇದನ್ನು ಆಡುವಾಗ ನಾನು ಎದುರಿಗೇ ಕೂತಿದ್ದೆ. ಕಾರ್ಡ್ ಹಿಡಿದದ್ದು ಅಜ್ಜಿ. ಅವರಿಗೆ ಭೌತಶಾಸ್ತ್ರ ಗೊತ್ತಿಲ್ಲ, ಓದಲು ಬರುತ್ತದೆ ಅಷ್ಟೇ. 'ಓಮ್‌ನ ನಿಯಮ ಏನು?' ಅಂತ ಕೇಳಿದರು. ಮೊಮ್ಮಗ ಪಟಪಟ ಅಂತ ಹೇಳಿದ, ವಾಹಕದ ತುದಿಗಳ ನಡುವಿನ ವಿಭವಾಂತರ ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕಾರ್ಡ್ ತಿರುಗಿಸಿ ಬೆರಳಿಟ್ಟು ಓದಿದರು. 'ತಾಪ ಬದಲಾಗದೆ ಇದ್ದಾಗ ಅಂತ ಬರ್ದಿದ್ಯಲ್ಲೋ, ಅದೆಲ್ಲಿ?' ಅಜ್ಜಿ, ಅದು ಮುಖ್ಯ ಅಲ್ಲ ಅಂತ ಅವನು ವಾದಕ್ಕಿಳಿದ. 'ಮುಖ್ಯ ಅಲ್ದಿದ್ರೆ ಯಾಕೆ ಬರ್ದೆ? ನಡಿ, ವಾಪಸ್' ಅಂತ ಕಾರ್ಡನ್ನು ಮೊದಲ ಬಾಕ್ಸಿಗೆ ಹಾಕಿಯೇ ಬಿಟ್ಟರು. ಅವನು ಗೊಣಗಿದ, ಆದರೆ ಮಾರನೇ ದಿನ ಆ ಕಾರ್ಡ್ ಬಂದ ಕೂಡಲೇ ಮೊದಲ ಪದವೇ ತಾಪ. ಯಾವ ಟ್ಯೂಷನ್ನಿನಲ್ಲೂ ಅಷ್ಟು ನಿರ್ದಾಕ್ಷಿಣ್ಯದ ಅಂಪೈರ್ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅತ್ತೆಯವರಿದ್ದರೆ ಈ ಕೆಲಸ ಅವರಿಗೇ ಕೊಡಿ.

ಈಗ ನಾಲ್ಕು ಸಾಲು. ಫ್ರಿಜ್ಜಿನ ಚಾರ್ಟ್ ಕಿತ್ತು, ಅದೇ ಜಾಗದಲ್ಲಿ ಪೇಪರಿನಲ್ಲಿ ಬರುವ ಹಾಗೇ ಬರೆದು ಹಾಕಲಿ. ಒಟ್ಟು ಕಾರ್ಡ್ ಎಷ್ಟು, ಹಣ್ಣಾದವು ಎಷ್ಟು, ಇಂದು ಒಳಗೆ ಬಂದದ್ದು ಎಷ್ಟು, ಹೋದ ವಾರ ಇದೇ ದಿನ ಎಷ್ಟಿತ್ತು. ಒಂದು ಸಣ್ಣ ಉಪಾಯ ಹೇಳುತ್ತೇನೆ, ಸೊನ್ನೆಯಿಂದ ಶುರು ಮಾಡಬೇಡಿ. ಅಮೆರಿಕದಲ್ಲಿ ಒಂದು ಕಾರ್ ತೊಳೆಯುವ ಅಂಗಡಿಯಲ್ಲಿ ಗಿರಾಕಿಗಳಿಗೆ ಎರಡು ಥರದ ಕಾರ್ಡ್ ಹಂಚಿ ನೋಡಿದ್ದರು, 2006ರಲ್ಲಿ ಪ್ರಕಟವಾದದ್ದು. ಒಂದರಲ್ಲಿ ಎಂಟು ಖಾನೆ, ಎಲ್ಲ ಖಾಲಿ. ಇನ್ನೊಂದರಲ್ಲಿ ಹತ್ತು ಖಾನೆ, ಎರಡಕ್ಕೆ ಮೊದಲೇ ಸೀಲ್ ಹೊಡೆದಿದೆ. ಇಬ್ಬರೂ ಎಂಟು ಸಲವೇ ಬರಬೇಕು. ಖಾಲಿ ಕಾರ್ಡಿನವರಲ್ಲಿ ಪೂರ್ತಿ ಮಾಡಿದವರು ಶೇಕಡಾ 19, ಸೀಲ್ ಇದ್ದವರಲ್ಲಿ 34. ಇದು ವ್ಯಾಪಾರಿ ಬುದ್ಧಿ ನಿಜ, ಆದರೆ ನಿಮ್ಮ ಮಗನಿಗೆ ಈಗಾಗಲೇ ಗೊತ್ತಿರುವುದು ನಿಜವಾಗಿಯೂ ಇದೆಯಲ್ಲ. ಮೊದಲ ದಿನ ಅವನಿಗೆ ಚೆನ್ನಾಗಿ ಬರುವ ಮೂವತ್ತು ಪ್ರಶ್ನೆಯ ಕಾರ್ಡ್ ಮಾಡಿಸಿ, ಅವನ್ನು ಕೇಳಿ, ನೇರ ಮೂರನೇ ಬಾಕ್ಸಿಗೆ ಹಾಕಿ. ಕಟ್ಟೆಯಲ್ಲಿ ಆಗಲೇ ಒಂದಷ್ಟು ನೀರಿದೆ ಅಂತ ಅವನಿಗೆ ಕಾಣಲಿ. ದಿನಕ್ಕೆ ಎಷ್ಟು ಕಾರ್ಡ್, ಯಾವ ವಿಷಯ ಮೊದಲು, ಆಟ ಊಟಕ್ಕೆ ಮುಂಚೆಯೋ ಆಮೇಲೋ, ಇದೆಲ್ಲ ಅವನೇ ನಿರ್ಧರಿಸಲಿ. ಇಪ್ಪತ್ತು ಕಾರ್ಡ್ ಸಾಕು ಅಂದರೆ ಇಪ್ಪತ್ತು. ನೀವು ಮನಸ್ಸಿನಲ್ಲೇ ಐವತ್ತು ಅಂದುಕೊಂಡಿರುತ್ತೀರಿ, ಬಾಯಿ ಬಿಡಬೇಡಿ.

ಬಹುಮಾನ ಪೂರ್ತಿ ಬೇಡವಾ? ಬೇಕು, ಹೇಳದೆ ಕೊಡಿ. ಒಂದು ಭಾನುವಾರ ಆಟ ಮುಗಿದ ಮೇಲೆ ಬಿಸಿ ಮದ್ದೂರು ವಡೆ ತಂದಿಡಿ. ಇದು ಯಾಕೆ ಅಂತ ಕೇಳಿದರೆ, ತಿನ್ನಬೇಕು ಅನ್ನಿಸಿತು ಅನ್ನಿ. ಪ್ರತಿ ಭಾನುವಾರ ತಂದರೆ ಮತ್ತೆ ಕೂಲಿ ಆಗುತ್ತದೆ, ಹುಷಾರು.

ನಾದಿನಿ ಮಗಳ ಮಾರ್ಕ್ಸ್ ಇವತ್ತೇ ಅಳಿಸಿ. ಕನ್ನಂಬಾಡಿ ಮಟ್ಟದ ಪಕ್ಕ ಕಬಿನಿಯ ಮಟ್ಟ ಬರೆದು, ಅದು ತುಂಬಿದೆ ನೋಡು, ನಿನಗೇನು ಧಾಡಿ ಅಂತ ಯಾರಾದರೂ ಕಟ್ಟೆಯನ್ನು ಬೈಯುತ್ತಾರಾ? ಅದರ ಆಳ ಬೇರೆ, ಅದಕ್ಕೆ ಬರುವ ಮಳೆ ಬೇರೆ. ಹೋಲಿಕೆ ಏನಿದ್ದರೂ ಇದೇ ಕಟ್ಟೆಯ ಹೋದ ವರ್ಷದ ಜೊತೆ. ಪೈಪೋಟಿ ಒಳ್ಳೆಯದೇ ಅಲ್ಲವಾ ಅಂತ ಕೇಳಬಹುದು. ದಸರಾ ಕುಸ್ತಿಗೆ ಮುಂಚೆ ನಮ್ಮೂರಲ್ಲಿ ಜೋಡಿ ಕಟ್ಟುತ್ತಾರೆ, ಗೊತ್ತಲ್ಲ. ಹಿರಿಯ ಪೈಲ್ವಾನರು ಕೂತು ಇವನಿಗೆ ಅವನು ಸರಿಜೋಡಿ ಅಂತ ನೋಡಿಯೇ ಕಣಕ್ಕೆ ಬಿಡುವುದು. ಮೊನ್ನೆ ಗರಡಿಗೆ ಸೇರಿದವನನ್ನು ಪಳಗಿದ ಪೈಲ್ವಾನನ ಎದುರು ನಿಲ್ಲಿಸಿದರೆ ಅದು ಕುಸ್ತಿಯಲ್ಲ, ಹೊಡೆತ. ಪಟ್ಟಿಯಲ್ಲಿ ಮೇಲೆ ಇರುವವರಿಗೆ ರ‍್ಯಾಂಕ್ ಪಟ್ಟಿ ಇಷ್ಟವಾಗುತ್ತದೆ. ಕೆಳಗಿರುವವನು ಒಂದು ಸಲ ನೋಡಿ, ಇದು ನನ್ನ ಆಟ ಅಲ್ಲ ಅಂತ ಎದ್ದು ಹೋಗುತ್ತಾನೆ. ಅವನಿಗೆ ಪೈಪೋಟಿ ಬೇಕೆನಿಸಿದರೆ ಅವನಷ್ಟೇ ಓದುವ ಗೆಳೆಯನ ಜೊತೆ ಕಾರ್ಡ್ ಬದಲಾಯಿಸಿಕೊಂಡು ಆಡಲಿ.

ಮೊಬೈಲ್ ಆಟದ ಬಗ್ಗೆ ಎರಡು ಮಾತು. ಅಲ್ಲಿ ನಾನು ಹೇಳಿದ ಒಳ್ಳೆಯ ಗುಣಗಳೆಲ್ಲ ಇವೆ, ಜೊತೆಗೆ ಒಂದು ಗಾಳವೂ ಇದೆ. ಸ್ಕಿನ್ನರ್ ಅನ್ನುವ ವಿಜ್ಞಾನಿ ಪಾರಿವಾಳಗಳಲ್ಲಿ ತೋರಿಸಿದ್ದು. ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತ ಮೇಲೆ ಪಾರಿವಾಳ ಕುಕ್ಕುವುದನ್ನು ಬೇಗ ಬಿಡುತ್ತದೆ. ಯಾವಾಗ ಬೀಳುತ್ತದೆ ಅಂತ ಗೊತ್ತಾಗದ ಹಾಗೆ ಬಿದ್ದರೆ, ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ನಾಲ್ಕೂ ಕವಡೆ ಬೋರಲು ಬಿದ್ದು ಬಾರ ಬರುವುದೂ ಇದೇ ಥರ, ಆದರೆ ಚೌಕಾಬಾರ ಮುಗಿಯುತ್ತದೆ, ಮೊಬೈಲಿನ ಆಟ ಮುಗಿಯದ ಹಾಗೆ ಕಟ್ಟಿರುತ್ತಾರೆ. ದಿನಕ್ಕೆ ಎರಡು ಗಂಟೆ ಆಡಿ ಊಟ, ನಿದ್ದೆ, ಶಾಲೆ, ಗೆಳೆಯರು ಎಲ್ಲ ಸರಿ ಇದ್ದರೆ ಅದನ್ನು ಕಾಯಿಲೆ ಅನ್ನಬೇಡಿ. ಆಟ ನಿಲ್ಲಿಸಲು ಅವನ ಕೈಲೇ ಆಗದೆ, ಬೇರೆಲ್ಲ ಬಿಟ್ಟು, ಕೆಡುಕಾಗುತ್ತಿದೆ ಅಂತ ಗೊತ್ತಿದ್ದರೂ ತಿಂಗಳುಗಟ್ಟಲೆ ಅದೇ ಆದರೆ ಮಾತ್ರ ವೈದ್ಯರ ವಿಷಯ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಇದಕ್ಕೆಂದೇ ಶಟ್ ಕ್ಲಿನಿಕ್ ಇದೆ. ಅಷ್ಟು ದೂರ ಬೇಡ ಅಂದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ನೀವು ಬರೆದದ್ದು ನೋಡಿದರೆ ಅದರ ಅಗತ್ಯ ನನಗಂತೂ ಕಾಣುತ್ತಿಲ್ಲ.

ಇನ್ನು ನಿಮ್ಮ 41 ದಿನ. ಇದನ್ನು ಓದಿ ನನಗೆ ನಗು ಬಂತು, ಯಾಕೆಂದರೆ ನನ್ನದೂ ಅದೇ ಕಥೆ. ಮಗಳು ಹೆಜ್ಜೆ ಎಣಿಸುವ ವಾಚ್ ಕೊಡಿಸಿದ್ದಳು. ದಿನಕ್ಕೆ ಹತ್ತು ಸಾವಿರ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದರೂ ರಾತ್ರಿ ಹನ್ನೊಂದಕ್ಕೆ ನೋಡಿದರೆ 9,400. ಬಿಡಲಿಕ್ಕೆ ಮನಸ್ಸಾಗದೆ ಊಟದ ಮೇಜಿನ ಸುತ್ತ ಸುತ್ತುತ್ತಿದ್ದೆ. ನೀರು ಕುಡಿಯಲು ಎದ್ದು ಬಂದ ನಮ್ಮನೆಯವರು ನೋಡಿ, 'ಪ್ರದಕ್ಷಿಣೆ ಯಾವ ದೇವರಿಗೆ?' ಅಂದರು. ಆ ಹತ್ತು ಸಾವಿರ ಯಾವ ಡಾಕ್ಟರ್ ಹೇಳಿದ ಲೆಕ್ಕ ಅಂತ ಹುಡುಕಿದರೆ, ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು. ಮಾನ್‌ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಒಂದು ಬ್ರ್ಯಾಂಡಿನ ಹೆಸರಿಗೆ ನಾನು ಮಧ್ಯರಾತ್ರಿ ಸುತ್ತು ಹೊಡೆಯುತ್ತಿದ್ದೆ!

ಸತತ ದಿನಗಳ ಎಣಿಕೆ ಮೊದಲ ಹತ್ತು ದಿನಕ್ಕೆ ಊರುಗೋಲು, ನಲವತ್ತನೇ ದಿನಕ್ಕೆ ಬೆತ್ತ. ನಡೆಯುವುದು ಬೇಕು ಅನ್ನುವುದು ಹೋಗಿ, ಎಣಿಕೆ ತಪ್ಪಬಾರದು ಅನ್ನುವುದೇ ಕೆಲಸ ಆಗುತ್ತದೆ. ತಪ್ಪಿದ ದಿನ ಎಲ್ಲ ಮುಗಿಯಿತು ಅನ್ನಿಸುತ್ತದೆ. ನಿಜವಾಗಿ ಏನೂ ಮುಗಿದಿರುವುದಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರಿಗೆ ಹೊಸ ಅಭ್ಯಾಸ ಹಿಡಿಸಿ ನೋಡಿದರು, 2010ರಲ್ಲಿ ಪ್ರಕಟವಾದದ್ದು. ಅಭ್ಯಾಸ ಗಟ್ಟಿಯಾಗಲು ಸರಾಸರಿ 66 ದಿನ ಹಿಡಿಯಿತು, ಕೆಲವರಿಗೆ ತುಂಬ ಬೇಗ, ಕೆಲವರಿಗೆ ತುಂಬ ನಿಧಾನ. ನಿಮಗೆ ಬೇಕಾದ ಮಾತು ಇದು: ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ತೊಂದರೆ ಆಗಿರಲಿಲ್ಲ. ನಿಮ್ಮ 41 ದಿನ ನಿಮ್ಮ ಮೈಯಲ್ಲಿ ಹಾಗೇ ಇದೆ. ಸೊನ್ನೆಯಾದದ್ದು ಆ್ಯಪಿನ ಪರದೆ ಮಾತ್ರ.

ಹಾಗಾಗಿ ಆ್ಯಪ್ ಬಿಟ್ಟು ಗೋಡೆ ಕ್ಯಾಲೆಂಡರಿಗೆ ಬನ್ನಿ. ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದೇ. ಹಾಲು ತಗೊಳ್ಳದ ದಿನ ಗೀಟು ಹಾಕಿ ತಿಂಗಳ ಕೊನೆಗೆ ಎಣಿಸುತ್ತೀರಿ, ಒಂದು ದಿನ ಹಾಲು ಬರಲಿಲ್ಲ ಅಂತ ಯಾರೂ ಕಾಫಿ ಕುಡಿಯುವುದನ್ನೇ ಬಿಡುವುದಿಲ್ಲ. ವಾರದಲ್ಲಿ ಐದು ದಿನ ನಡೆದರೆ ಆ ವಾರ ಗೆದ್ದ ಹಾಗೆ ಅಂತ ಇಟ್ಟುಕೊಳ್ಳಿ. ತಿಥಿ, ಮದುವೆ, ಜ್ವರ ಎಲ್ಲ ಆ ಎರಡು ದಿನದಲ್ಲಿ ಹೋಗಲಿ. ಬೀರು ಜೋಡಿಸುವುದು ಒಂದು ಕೆಲಸವಲ್ಲ, ಐದು ಅಂತಸ್ತು, ಐದು ಕೆಲಸ. ಒಂದು ಅಂತಸ್ತು ಒಂದು ದಿನಕ್ಕೆ. ಚಾಮುಂಡಿ ಬೆಟ್ಟ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತಾ ಹೋಗುವವರನ್ನು ನೋಡಿದ್ದೀರಾ? ಸುಮಾರು ಸಾವಿರ ಮೆಟ್ಟಿಲು. ಅವರು ಬೆಟ್ಟದ ತುದಿ ನೋಡುವುದೇ ಇಲ್ಲ, ಮುಂದಿನ ಮೆಟ್ಟಿಲಿಗೆ ಬಗ್ಗುತ್ತಾರೆ, ನಂದಿ ಹತ್ತಿರ ಬಂದಾಗ ಒಮ್ಮೆ ಸೊಂಟ ನೆಟ್ಟಗೆ ಮಾಡಿ ನೀರು ಕುಡಿಯುತ್ತಾರೆ. ಬೇಜಾರಿನ ಕೆಲಸಕ್ಕೆ ಇಷ್ಟದ್ದೊಂದನ್ನು ಗಂಟು ಹಾಕುವುದೂ ಒಳ್ಳೆಯ ಉಪಾಯ. ನಾನು ಬಟ್ಟೆ ಮಡಚುವಾಗ ಮಾತ್ರ ರೇಡಿಯೋ ಹಾಕುತ್ತೇನೆ. ಅದೂ ನಮ್ಮ ವಿಷಯದವರ ಋಣವೇ. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಮೇಷ್ಟ್ರು.

ಕೊನೆಗೆ 140 ರೂಪಾಯಿ. ಕೊಟ್ಟುಬಿಡಿ. 23ರಲ್ಲಿ ಯಾವ ಸ್ಟಾರ್ ನಿಜ, ಯಾವುದು ಸುಳ್ಳು ಅಂತ ವಿಚಾರಣೆ ಮಾಡಲು ಕೂರಬೇಡಿ, ಕೂತರೆ ಅವನು ವಕೀಲನಾಗುತ್ತಾನೆ, ನೀವು ಪೊಲೀಸ್ ಆಗುತ್ತೀರಿ, ಆಮೇಲೆ ಯಾವ ಆಟಕ್ಕೂ ಇಬ್ಬರೂ ಒಂದೇ ಕಡೆ ಕೂರುವುದಿಲ್ಲ. ಓದಿದ್ದು ಅಂದರೇನು ಅಂತ ಸರಿಯಾಗಿ ಹೇಳದೆ ಇದ್ದವರು ನೀವೇ ತಾನೇ. ಸ್ಟಾರ್ ಲೆಕ್ಕ ಇವತ್ತಿಗೆ ಚುಕ್ತಾ ಅಂತ ಹೇಳಿ, ಅವನ ಕೈಲೇ ಆ ಚಾರ್ಟ್ ಕೀಳಿಸಿ. ಹಿಂದಿನ ಕಡೆ ಖಾಲಿ ಇದ್ದರೆ ಬಿಸಾಡಬೇಡಿ, ಕಾರ್ಡ್ ಕತ್ತರಿಸಲು ಬರುತ್ತದೆ.